ಹೊಟ್ಟೆಯ ಮೇಲೊಂದು ನಿರ್ಣಯ

ಸಕ್ಕರೆ ಕಡಿಮೆ ಮಾಡಿ ಎಂದು ಊರಿಗೆಲ್ಲ ಹೇಳುವುದು ನನ್ನ ಸರ್ಕಾರಿ ಕೆಲಸ. ಹೇಳಿ ಮುಗಿಸುವಷ್ಟರಲ್ಲಿ ಎಲ್ಲಿಂದಲೋ ಒಂದು ಸಿಹಿ ಲೋಟ ನನ್ನ ಕೈಗೇ ಬರುವುದು, ನಾನು ಕುಡಿಯುವುದು, ಅದನ್ನು ನಾಲ್ಕು ಜನ ನೋಡುವುದು ಇಷ್ಟು ವರ್ಷದಲ್ಲಿ ಒಮ್ಮೆಯೂ ತಪ್ಪಿಲ್ಲ. ನಾನು ಕಿರಿಯ ಆರೋಗ್ಯ ಸಹಾಯಕ. ಹುದ್ದೆ ಕಿರಿದು, ಹೊಟ್ಟೆ ಹಿರಿದು. ನನಗೂ ಶುಗರ್ ಇದೆ. ಊರಿಗೆ ಗೊತ್ತಾದರೆ ನನ್ನ ಮಾತನ್ನು ಯಾರು ಕೇಳುತ್ತಾರೆ ಎಂದು ಮುಚ್ಚಿಟ್ಟಿದ್ದೆ.

ಶಾಲೆಯ ಮಕ್ಕಳ ತೂಕ ನೋಡುವವನೂ ನಾನೇ. ವರ್ಷ ವರ್ಷ ಮುಳ್ಳು ಮೇಲೇರುವುದನ್ನು ನೋಡಿ ನಿಜಕ್ಕೂ ಹೆದರಿಕೆಯಾಗಿತ್ತು. ಶಾಲೆಯ ಹತ್ತಿರ ಬಣ್ಣದ ಜ್ಯೂಸಿನ ಬಾಟ್ಲಿ ಮಾರುವುದು ನಿಲ್ಲಬೇಕು, ಅದೊಂದೇ ನನ್ನ ಆಸೆ. ಅದಕ್ಕೆ ಅಡ್ಡಗಾಲು ಹಾಕಿದವನು ಯಾರು ಎಂಬುದನ್ನು ಹೇಳಲು ಈಗಲೂ ನಾಚಿಕೆಯಾಗುತ್ತದೆ.

ಆಸ್ರಿ

ನಮ್ಮ ಕಡೆ ಮನೆಗೆ ಬಂದವರಿಗೆ ಮೊದಲು ಆಸ್ರಿ ಕೊಡಬೇಕು, ಅಂದರೆ ಕುಡಿಯಲಿಕ್ಕೆ ಏನಾದರೂ. ಹಿಂದೆ ಒಂದು ತುಂಡು ಬೆಲ್ಲ, ಒಂದು ಚೊಂಬು ನೀರು ಇರುತ್ತಿತ್ತು. ಈಗ ಫ್ರಿಜ್ಜಿನಿಂದ ಬಾಟ್ಲಿ ಬರುತ್ತದೆ. ಬೇಡ ಎಂದರೆ ಮನೆಯವರಿಗೆ ಬೇಜಾರು.

ಶುಗರ್ ಸರ್ವೆಗೆಂದು ಮರವಂತೆಯ ಕಡಲ ಬದಿಯ ಮನೆಗಳಿಗೆ ಹೋಗಿದ್ದೆ. ಮೀನು ಮಾರುವ ಹೆಂಗಸೊಬ್ಬರ ಮನೆ ಏಳನೆಯದು. ಅಂದರೆ ಆರು ಲೋಟ ಆಗಲೇ ಹೊಟ್ಟೆಯೊಳಗಿತ್ತು. ಅವರ ಬೆರಳಿಗೆ ಸೂಜಿ ಚುಚ್ಚಿ ಮಿಷನ್ನಿನಲ್ಲಿ ನೋಡಿ, “ಶುಗರ್ ಜಾಸ್ತಿ ಇತ್ತ್ ಅಕ್ಕ. ಜ್ಯೂಸ್ ಮನೇಲೇ ಇಡ್ಬೇಡಿ” ಎಂದೆ.

“ನಾ ಕುಡಿತಿಲ್ಲೆ ಮಾರಾಯ್ರೆ. ಬಂದವ್ರಿಗ್ ಕೊಡುಕೆ ಇಟ್ಟದ್” ಎನ್ನುತ್ತ ಅವರು ಕಿತ್ತಳೆ ಬಣ್ಣದ ಲೋಟ ಕೈಗಿತ್ತರು.

ಕುಡಿದೆ. ತಲೆ ತಿರುಗಿದಂತಾಗಿ ಜಗಲಿಯಲ್ಲೇ ಕುಳಿತೆ. ಅವರು ನನ್ನ ಮುಖ ನೋಡಿದರು, ನನ್ನ ಮಿಷನ್ ನೋಡಿದರು.

“ನಂಗ್ ಚುಚ್ಚಿದ್ರಿ ಅಲ್ದಾ? ಈಗ ನೀವ್ ಬೆರಳ್ ಕೊಡಿ, ಎಷ್ಟಿತ್ತ್ ಕಾಂಬ.”

“ಅಯ್ಯೋ, ಬಸ್ ಬಂತ್” ಎಂದು ಎದ್ದು ಹೈವೇಗೆ ಓಡಿದೆ. ನನ್ನ ಬೈಕು ಅವರ ಅಂಗಳದಲ್ಲೇ ಉಳಿಯಿತು.

ಚಮಚ

ಬಸ್ರೂರು ಕಡೆಯ ಒಂದು ಶಾಲೆ. ಒಂದು ಬಾಟ್ಲಿಯಲ್ಲಿ ಎಷ್ಟು ಸಕ್ಕರೆ ಇರುತ್ತದೆಂದು ತೋರಿಸಲು, ಮಕ್ಕಳ ಎದುರೇ ಒಂದು ಲೋಟ ನೀರಿಗೆ ಚಮಚ ಚಮಚ ಸಕ್ಕರೆ ಹಾಕುತ್ತ ಹೋದೆ. ಮಕ್ಕಳು ಬಾಯಿಬಿಟ್ಟುಕೊಂಡು ಎಣಿಸಿದರು. ಆಮೇಲೆ ಅರ್ಧ ಗಂಟೆ ಭಾಷಣ ಬಿಗಿದೆ. ಮಾರ್ಚ್ ತಿಂಗಳ ಸೆಕೆ, ಗಂಟಲು ಒಣಗಿತ್ತು. ಮಾತಿನ ಭರದಲ್ಲಿ ಮೇಜಿನ ಮೇಲಿದ್ದ ಲೋಟ ಎತ್ತಿ ಗಟಗಟ ಕುಡಿದುಬಿಟ್ಟೆ. ಲೋಟ ಕೆಳಗಿಟ್ಟು ಬಾಯಿ ಒರೆಸಿಕೊಂಡ ಮೇಲೆಯೇ ನೆನಪಾಯಿತು.

ಒಂದು ಮಗುವೂ ನಗಲಿಲ್ಲ. ನಕ್ಕಿದ್ದರೆ ಸ್ವಲ್ಪ ವಾಸಿಯಿತ್ತು.

ಹೆಡ್‌ಮೇಡಂ ಹತ್ತಿರ ಬಂದು ಮೆಲ್ಲಗೆ ಕೇಳಿದರು: “ಸಾರ್, ಇನ್ನೊಂದು ಕ್ಲಾಸ್ ಬಾಕಿ ಇದೆ. ಮತ್ತೆ ಸಕ್ಕರೆ ತರಿಸಲಾ, ಅಥವಾ ನಿಮಗೆ ಇಷ್ಟು ಸಾಕಾ?”

ನಿರ್ಣಯ

ಕೊನೆಗೂ ನಮ್ಮ ಪಂಚಾಯತಿಯ ಗ್ರಾಮಸಭೆಯಲ್ಲಿ ವಿಷಯ ಎತ್ತಿದೆ. ನಮ್ಮೂರ ಶಾಲೆಯ ಸುತ್ತ ಸಿಹಿ ಬಾಟ್ಲಿ ಮಾರಬಾರದು ಎಂದು ಓದಿದ್ದೇ ತಡ, ಸಭೆ ಮೀನು ಮಾರ್ಕೆಟ್ ಆಯಿತು.

ಒಬ್ಬರು, “ನಮ್ ಮಕ್ಳ್ ಎಂತ ಕುಡೀಕ್ ಅಂತ ನಾವ್ ಹೇಳುದ್, ಪಂಚಾಯ್ತಿ ಅಲ್ಲ” ಎಂದರು. ಮುಂಬೈಯಲ್ಲಿ ಹೋಟೆಲು ನಡೆಸಿ ಬಂದವರೊಬ್ಬರು, “ಬಂದ್ ಮಾಡ್ರೆ ಕದ್ದ್ ಕುಡಿತ್ರ್. ತೆರಿಗೆ ಹಾಕಿ” ಎಂದರು. ತೆರಿಗೆ ನಮ್ಮ ಕೈಯಲ್ಲಿಲ್ಲ ಎಂದು ಕಾರ್ಯದರ್ಶಿ ಹೇಳಿದರು. ಆಗ ಶಾಲೆಯ ಎದುರಿನ ಅಂಗಡಿಯ ಅಕ್ಕ ಎದ್ದು ನಿಂತರು.

“ನಂಗ್ ಬಾಟ್ಲಿ ಮಾರುದ್ ಬಿಡಿ ಅಂತ್ರ್ ಈ ಸಾರ್. ದಿನಾ ಸಂಜೆ ನನ್ ಅಂಗ್ಡಿ ಹಿಂದ್ ನಿಂತ್ಕಂಡ್ ಎರಡ್ ಬಾಟ್ಲಿ ಕುಡಿಯುದ್ ಯಾರ್? ಶುಗರಿನ್ ಗುಳಿಗಿ ನುಂಗುದೂ ಅದೇ ಜ್ಯೂಸಲ್ಲೇ!”

ಸಭೆ ಹೊಟ್ಟೆ ಹಿಡಿದುಕೊಂಡು ನಕ್ಕಿತು. ಅವರು ಹೇಳಿದ್ದರಲ್ಲಿ ಒಂದಕ್ಷರ ಸುಳ್ಳಿರಲಿಲ್ಲ.

ಅಧ್ಯಕ್ಷೆ ಮೇಜು ತಟ್ಟಿದರು. “ಹಂಗಾರೆ ಮೊದ್ಲ್ ಈ ಸಾರ್‌ಗೇ ಬಂದ್ ಮಾಡಿ ಕಾಂಬ. ಆರ್ ತಿಂಗ್ಳಲ್ಲ್ ಅವ್ರ್ ಹೊಟ್ಟಿ ಇಳ್ದ್ರೆ ಶಾಲಿ ಹತ್ರವೂ ಬಂದ್. ಇಳೀದಿದ್ರೆ ಈ ಸುದ್ದಿ ಬ್ಯಾಡ.”

ಎಲ್ಲರೂ ಕೈ ಎತ್ತಿದರು. ಆರೋಗ್ಯ ಸಹಾಯಕರಿಗೆ ಗ್ರಾಮದ ಯಾವ ಅಂಗಡಿಯಲ್ಲೂ ಸಿಹಿ ಪಾನೀಯ ಮಾರತಕ್ಕದ್ದಲ್ಲ ಎಂದು ಕಾರ್ಯದರ್ಶಿ ಬರೆದುಕೊಂಡರು. ಸಭೆಯಲ್ಲಿದ್ದ ಊರ ದರ್ಜಿ ಅಲ್ಲೇ ನನ್ನ ಸೊಂಟಕ್ಕೆ ಟೇಪು ಸುತ್ತಿ, ಅಂಗಡಿಯಲ್ಲಿ ಕೂಗುವಂತೆಯೇ ಅಳತೆ ಕೂಗಿದರು.

ಎರಡು ತಿಂಗಳು ಪ್ರಾಮಾಣಿಕನಾಗಿದ್ದೆ. ಶಾಲೆಯ ಮಕ್ಕಳು ದಾರಿಯಲ್ಲಿ ನಿಲ್ಲಿಸಿ, “ಸಾರ್, ಹೊಟ್ಟಿ ಎಷ್ಟಾಯ್ತ್?” ಎಂದು ಕೇಳುತ್ತಿದ್ದರು. ಆಮೇಲೆ ಒಂದು ದಿನ ಕೆಲಸದ ಮೇಲೆ ಬೇರೆ ಪಂಚಾಯತಿಯ ಶಿರೂರಿಗೆ ಹೋದಾಗ ಹೊಳೆಯಿತು, ಶಿರೂರಿನಲ್ಲಿ ನನ್ನ ಮೇಲೆ ನಿರ್ಣಯವಿಲ್ಲ. ಅಂದಿನಿಂದ ನನಗೆ ಶಿರೂರಿನಲ್ಲಿ ಕೆಲಸ ಹೆಚ್ಚಾಯಿತು.

ಆರು ತಿಂಗಳು ಮುಗಿಯಿತು. ಸಭೆಗೆ ಕೂರಲು ಜಾಗವಿರಲಿಲ್ಲ. ದರ್ಜಿ ಟೇಪು ಬಿಚ್ಚಿದರು. ಮಕ್ಕಳ ವಿಷಯ ನನ್ನಿಂದಾಗಿ ಬಿದ್ದುಹೋಗಬಾರದೆಂದು ನಾನು ಉಸಿರೆಳೆದು ಹೊಟ್ಟೆಯನ್ನು ಬೆನ್ನಿಗಂಟಿಸಿ ನಿಂತೆ.

“ಎರಡ್ ಇಂಚ್ ಇಳ್ದಿತ್!” ಎಂದರು ದರ್ಜಿ. ಚಪ್ಪಾಳೆಯೋ ಚಪ್ಪಾಳೆ. ಅಧ್ಯಕ್ಷೆ ಸಹಿ ಹಾಕಲು ಪೆನ್ನು ತೆಗೆದರು. ದರ್ಜಿ ಮಾತ್ರ ಟೇಪು ತೆಗೆಯಲಿಲ್ಲ.

“ಹ್ವಾಯ್ ಸಾರ್, ಪ್ಯಾಂಟ್ ಹೊಲ್ಸುಕೆ ಬಂದವ್ರೆಲ್ಲ ನನ್ನೆದ್ರ್ ಹೀಂಗೇ ನಿಲ್ತ್ರ್. ಉಸ್ರ್ ಬಿಡಿ ಕಾಂಬ.”

ಆದಷ್ಟು ಹೊತ್ತು ಹಿಡಿದೆ. ಅಧ್ಯಕ್ಷೆಯ ಪೆನ್ನು ಗಾಳಿಯಲ್ಲೇ ನಿಂತಿತ್ತು. ಕಣ್ಣಿಗೆ ಕತ್ತಲೆ ಕವಿಯತೊಡಗಿದಾಗ ಬಿಟ್ಟೆ. ಟೇಪಿನ ತುದಿ ದರ್ಜಿಯ ಕೈಯಿಂದ ಜಾರಿತು, ಪ್ಯಾಂಟಿನ ಗುಂಡಿ ಹಾರಿ ಅಧ್ಯಕ್ಷೆಯ ಮೇಜಿನ ಮೇಲೆ ಬಿತ್ತು. ಮತ್ತೆ ಅಳೆದರೆ ಹಳೆಯದಕ್ಕಿಂತ ಒಂದು ಇಂಚು ಹೆಚ್ಚೇ ಇತ್ತು. ಮಕ್ಕಳ ಬಾಳಿಗೆ ನಾನೇ ಕಲ್ಲು ಹಾಕಿದೆನಲ್ಲ ಎಂದು ಕಣ್ಣಲ್ಲಿ ನೀರು ಬಂತು.

ಆಗ ಅಂಗಡಿಯ ಅಕ್ಕ ಎದ್ದರು. ನನ್ನ ಹೊಟ್ಟೆಯನ್ನೇ ನೋಡುತ್ತ ಹೇಳಿದರು: “ಬ್ಯಾಡ ಮಾರಾಯ್ರೆ. ಇಷ್ಟ್ ದೊಡ್ ಜೀವಕ್ಕೇ ಬಿಡುಕೆ ಆತಿಲ್ಲೆ ಅಂದ್ರೆ ಆ ಸಣ್ ಮಕ್ಳಿಗ್ ಆತ್ತಾ? ನಾಳಿಂದ ನಾ ಬಾಟ್ಲಿ ಇಡುದಿಲ್ಲೆ.”

ಶಾಲೆಯ ಹತ್ತಿರ ಬಾಟ್ಲಿ ಮಾರಬಾರದೆಂಬ ನಿರ್ಣಯ ಅವಿರೋಧವಾಗಿ ಪಾಸಾಯಿತು. ಪ್ರತಿ ನಿರ್ಣಯಕ್ಕೂ ಕಾರಣ ಬರೆಯಬೇಕು. ಕಾರ್ಯದರ್ಶಿ ಒಂದು ಗಳಿಗೆ ಯೋಚಿಸಿ ಬರೆದು, ಎಲ್ಲರಿಗೂ ಕೇಳುವಂತೆ ಓದಿದರು: “ಆರೋಗ್ಯ ಸಹಾಯಕರ ಹೊಟ್ಟೆಯನ್ನು ಸಭೆಯು ಕಣ್ಣಾರೆ ಕಂಡು ಭಯಗೊಂಡಿರುವುದರಿಂದ.”

ಕೆಳಗೆ ಇಲಾಖೆಯ ಪರವಾಗಿ ನನ್ನ ಸಹಿಯೂ ಬೇಕೆಂದರು. ಒಂದು ಕೈಯಲ್ಲಿ ಪ್ಯಾಂಟು ಹಿಡಿದುಕೊಂಡು ಸಹಿ ಹಾಕಿದೆ.