ಬಲಮಗ್ಗುಲಿನ ರಬ್ಬರ್ ಚಿಪ್ಪು

ನಮ್ಮ ಅಜ್ಜನ ರಿವಾಲ್ವರಿನ ರಬ್ಬರ್ ಹಿಡಿ ವಯಸ್ಸಾಗಿ ಹಾಳಾಯಿತು ಎಂದು ಮನೆಯಲ್ಲಿ ಎಲ್ಲರೂ ಹೇಳುತ್ತಾರೆ. ಹೊಳಲ್ಕೆರೆಯ ನಮ್ಮ ಬೀದಿಯವರೂ ಹಾಗೇ ಹೇಳುತ್ತಾರೆ. ಅವರಲ್ಲಿ ಮುಕ್ಕಾಲು ಜನ ಆ ರಿವಾಲ್ವರನ್ನು ಕಣ್ಣಿಂದ ಕಂಡವರೇ ಅಲ್ಲ. ನಾನು ಈ ಮಾತನ್ನು ಒಪ್ಪುವುದಿಲ್ಲ. ಯಾವುದನ್ನೂ ಒಪ್ಪದಿರುವುದೇ ನನ್ನ ರೋಗ ಎಂದು ಅಪ್ಪ ಹೇಳುತ್ತಾರೆ, ಅದನ್ನೂ ಒಪ್ಪುವುದಿಲ್ಲ. ಚಿತ್ರದುರ್ಗದ ಕಾಲೇಜಿಗೆ ಸೇರಿದ ಮೇಲೆ ಚರ್ಚಾ ಸ್ಪರ್ಧೆಗಳಲ್ಲಿ ಒಂದಷ್ಟು ಕಪ್ಪುಗಳನ್ನು ಗೆದ್ದು ತಂದಿದ್ದೇನೆ. ಅಮ್ಮ ಅವುಗಳಲ್ಲಿ ಒಂದರಲ್ಲಿ ಸಾಸಿವೆ, ಇನ್ನೊಂದರಲ್ಲಿ ಮೆಂತ್ಯ ತುಂಬಿಟ್ಟಿದ್ದಾಳೆ. ವಾದಕ್ಕೆ ನಮ್ಮ ಮನೆಯಲ್ಲಿರುವ ಬೆಲೆ ಅಷ್ಟು. ಇರಲಿ, ವಿಷಯಕ್ಕೆ ಬರುತ್ತೇನೆ. ರಿವಾಲ್ವರಿನ ಹಿಡಿ ಎಂದರೆ ಕೊಡಲಿಯ ಕಾವಿನಂತೆ ಒಂದೇ ತುಂಡಲ್ಲ. ಕಬ್ಬಿಣದ ಚೌಕಟ್ಟಿನ ಎರಡು ಮಗ್ಗುಲಿಗೆ ಎರಡು ರಬ್ಬರ್ ತುಂಡು, ನಡುವೆ ಅವೆರಡನ್ನೂ ಬಿಗಿಯುವ ಒಂದು ಸ್ಕ್ರೂ. ಅಜ್ಜ ಅವನ್ನು ಚಿಪ್ಪು ಅನ್ನುತ್ತಾನೆ. ಮೈಮೇಲೆಲ್ಲ ಶಂಕರಪೋಳಿಗೆ ಗೀರಿದ ಹಾಗೆ ಓರೆಗೆರೆಗಳು, ಕೈ ಜಾರದಿರಲೆಂದು. ಎಡಗಡೆ ಚಿಪ್ಪು ಇವತ್ತಿಗೂ ಗಟ್ಟಿಮುಟ್ಟು. ಬಲಗಡೆಯದು ಮಾತ್ರ ಉಬ್ಬಿ, ಗೆರೆ ಅಳಿಸಿ, ಮಳೆಗಾಲದ ಬೆಲ್ಲದ ಹಾಗೆ ಜಿಗುಟಾಗಿ, ಮುಟ್ಟಿದವರ ಕೈಗೆ ಕಪ್ಪು ಬಳಿಯುತ್ತಿತ್ತು. ಎರಡೂ ಒಂದೇ ದಿನ ಒಂದೇ ಕಾರ್ಖಾನೆಯಲ್ಲಿ ಹುಟ್ಟಿದವು. ವಯಸ್ಸೇ ಕಾರಣವಾದರೆ ಅದು ಒಂದೇ ಮಗ್ಗುಲಿಗೆ ಆಗುತ್ತದೆಯೆ?

ಕಾರಣ ಆಯುಧಪೂಜೆ. ನಮ್ಮಲ್ಲಿ ಆ ದಿನ ಕುಡುಗೋಲು, ತಕ್ಕಡಿ, ಅಪ್ಪನ ಸೈಕಲ್ಲು ಎಲ್ಲದರ ಜೊತೆ ರಿವಾಲ್ವರಿಗೂ ಪೂಜೆ. ನಳಿಗೆ ಮೂಡಣಕ್ಕೆ, ಹಿಡಿ ಪೂಜೆ ಮಾಡುವವರ ಕಡೆಗೆ ಇರಬೇಕು ಎಂಬುದು ಶಾಸ್ತ್ರ. ನಮ್ಮ ದೇವರ ಗೂಡು ಬಡಗಣ ಗೋಡೆಯಲ್ಲಿರುವುದರಿಂದ ರಿವಾಲ್ವರ್ ವರ್ಷವರ್ಷವೂ ಬಲಮಗ್ಗುಲನ್ನೇ ಮೇಲೆ ಮಾಡಿಕೊಂಡು ಮಲಗುತ್ತದೆ. ಅಜ್ಜಿ ಅದಕ್ಕೆ ಗಾಣದ ಶೇಂಗಾ ಎಣ್ಣೆಯನ್ನು ಕೂಸಿಗೆ ತಿಕ್ಕಿದ ಹಾಗೆ ತಿಕ್ಕಿ, ಮೇಲೆ ಮೂರು ಬೆರಳು ವಿಭೂತಿ ಎಳೆದು, ಕುಂಕುಮ ಇಟ್ಟು, ಪೂಜೆಯಾದ ಮೇಲೆ ಒರೆಸಿದರೆ ದೋಷ ಎಂದು ಹಾಗೇ ಬಟ್ಟೆಯಲ್ಲಿ ಸುತ್ತಿ ಟ್ರಂಕಿಗೆ ಹಾಕುತ್ತಾಳೆ. ಕಬ್ಬಿಣಕ್ಕೆ ಎಣ್ಣೆ ಒಳ್ಳೆಯದೇ. ರಬ್ಬರಿಗೆ ಎಣ್ಣೆ ಶತ್ರು ಎಂಬುದು ಸೈಕಲ್ ಇಟ್ಟುಕೊಂಡವರಿಗೆಲ್ಲ ಗೊತ್ತು. ಇದನ್ನು ಕಂಡುಹಿಡಿದ ಸಂತೋಷ ತಡೆಯಲಾರದೆ ನಾನು ಜಗಲಿಯ ಮೇಲೆ ಕೂತಿದ್ದ ಅಜ್ಜನ ಮುಂದೆ ನಿಂತು ಪಕ್ಷ, ಪ್ರತಿಪಕ್ಷ, ಸಾಕ್ಷ್ಯ ಎಲ್ಲವನ್ನೂ ಮಂಡಿಸಿದೆ.

"ಮೆಲ್ಲಗೆ ಮಾತಾಡವ್ವ," ಅಂದ ಅಜ್ಜ.

"ಯಾಕಜ್ಜ, ತಪ್ಪೇನೈತೆ ಇದ್ರಾಗೆ?"

"ತಪ್ಪಿಲ್ಲ. ನಿಮ್ಮಜ್ಜಿ ಒಳಗೆ ಅದಾಳೆ. ಎಲ್ರಿಗೂ ನಾನು ವಯಸ್ಸಾತು ಅಂತ ಹೇಳೀನಿ. ವಯಸ್ಸಾಗೈತೆ, ಅಷ್ಟೆ."

"ಒಂದೇ ಮಗ್ಗುಲಿಗೆ ವಯಸ್ಸಾಗ್ತೈತೇನಜ್ಜ?"

ಅಜ್ಜ ಎಡಗೈಯಿಂದ ತನ್ನ ಬಲಗೈಯನ್ನು ಎತ್ತಿ ತೊಡೆಯ ಮೇಲಿಟ್ಟುಕೊಂಡು, "ನನಗಾಗಿಲ್ವೇನವ್ವ?" ಅಂದ.

ಹೋದ ಶಿವರಾತ್ರಿಯ ಮಾರನೆ ದಿನ ಅಜ್ಜನಿಗೆ ಬಲಗಡೆ ಲಕ್ವ ಹೊಡೆದಿತ್ತು. ಅಂತರ ಕಾಲೇಜು ಸ್ಪರ್ಧೆಗಳಲ್ಲಿ ನನಗೆ ಇಂಥ ಉತ್ತರವನ್ನು ಯಾರೂ ಕೊಟ್ಟಿರಲಿಲ್ಲ.

ಈಗ ನೀವು ಕೇಳಬಹುದು, ಲಕ್ವ ಹೊಡೆದ ಮುದುಕನಿಗೆ ರಿವಾಲ್ವರ್ ಯಾಕೆ? ಅಪ್ಪ ಕೇಳಿದ್ದೂ ಅದನ್ನೇ. ಅಜ್ಜ ಹತ್ತಿ ವ್ಯಾಪಾರಕ್ಕೆ ಊರೂರು ತಿರುಗುತ್ತಿದ್ದ ಕಾಲದಲ್ಲಿ ಕೊಂಡದ್ದು ಅದು. ಐಮಂಗಲದ ಹತ್ತಿರ ಕಳ್ಳರನ್ನು ಓಡಿಸಿದ ಕತೆಯೊಂದಿದೆ. ಅದರಲ್ಲಿ ಕಳ್ಳರ ಸಂಖ್ಯೆ ಹೇಳುವವರಿಗೆ ತಕ್ಕಂತೆ ಬದಲಾಗುವುದರಿಂದ ಪುರಾವೆಯೆಂದು ಸ್ವೀಕರಿಸಲಾರೆ. ತೋಟಾಗಳಂತೂ ನಾನು ಹುಟ್ಟುವ ಮೊದಲೇ ಮುಗಿದಿವೆ. ಎಲೆಕ್ಷನ್ ಬಂದಾಗಲೆಲ್ಲ ಠಾಣೆಗೆ ಒಪ್ಪಿಸಿ, ಮುಗಿದ ಮೇಲೆ ತರುವುದು ಒಂದು ಪದ್ಧತಿ. ಹೀಗಾಗಿ ನಮ್ಮ ರಿವಾಲ್ವರ್ ನೋಡಿದಷ್ಟು ಪೊಲೀಸ್ ಠಾಣೆಯನ್ನು ನಮ್ಮೂರಿನ ಯಾವ ಕಳ್ಳನೂ ನೋಡಿಲ್ಲ. ಆದರೆ ಲಕ್ವದ ನಂತರ ಅದಕ್ಕೊಂದು ಹೊಸ ಕೆಲಸ ಬಂದಿತ್ತು. ಡಾಕ್ಟರು ಬೆರಳಿಗೆ ಕಸರತ್ತು ಬೇಕೆಂದು ಒಂದು ರಬ್ಬರ್ ಚೆಂಡು ಕೊಟ್ಟಿದ್ದರು. ಅಜ್ಜ ಅದನ್ನು ಬೀದಿಯ ಮಕ್ಕಳಿಗೆ ಕೊಟ್ಟುಬಿಟ್ಟ. "ನಾನೇನು ಆಡೋ ಹುಡುಗನೇನು?" ಆದರೆ ಒಂದು ಮಧ್ಯಾಹ್ನ ಟ್ರಂಕಿನಿಂದ ರಿವಾಲ್ವರ್ ತೆಗೆದು ಅಂಗೈಗೆ ಇಟ್ಟರೆ, ಮುಚ್ಚದೆ ಮೊಂಡು ಹಿಡಿದಿದ್ದ ಬೆರಳುಗಳು ಒಂದೊಂದಾಗಿ ಬಂದು ಅದರ ಸುತ್ತ ಕೂತವು. ನಲವತ್ತು ವರ್ಷದ ಗುರುತು ಬೆರಳಿಗೆ ಇತ್ತೇನೋ. ಆವತ್ತಿನಿಂದ ದಿನಾ ಊಟವಾದ ಮೇಲೆ ಅಜ್ಜ ಜಗಲಿಯಲ್ಲಿ ಖಾಲಿ ರಿವಾಲ್ವರನ್ನು ಅಮುಕುತ್ತ ಕೂತಿರುತ್ತಿದ್ದ. ಕೈ ಸುಧಾರಿಸುತ್ತಿತ್ತು. ಹಾಲಿನವಳು ಮಾತ್ರ ಹಿತ್ತಲ ಬಾಗಿಲಿಗೆ ಬರತೊಡಗಿದಳು. ಅಷ್ಟರಲ್ಲಿ ಬೇಸಿಗೆಯ ಸೆಕೆಗೆ ಬಲಚಿಪ್ಪು ಪೂರ್ತಿ ಕರಗಿತು. ಹಿಡಿದರೆ ಅಂಟುತ್ತದೆ, ಅಂಟಿದ್ದನ್ನು ಬಿಡಿಸಲು ಅಜ್ಜಿ ಬಿಸಿನೀರು ತರಬೇಕು. ಅಜ್ಜ ಹಿಡಿಯುವುದನ್ನು ಬಿಟ್ಟ. ಬೆರಳುಗಳು ಮತ್ತೆ ಮೊಂಡು ಹಿಡಿದವು.

"ಲೈಸೆನ್ಸ್ ನವೀಕರಣ ಬಂದೈತೆ," ಅಂದರು ಅಪ್ಪ. "ಹಿಡಿಯಾಕೇ ಆಗದ್ದನ್ನ ಯಾಕಪ್ಪ ಇಟ್ಕಬೇಕು? ಠಾಣೆಗೆ ಒಪ್ಪಿಸಿಬಿಡಾಣ."

"ಚಿಪ್ಪು ಸಿಕ್ಕರೆ?" ಅಂದ ಅಜ್ಜ.

"ಸಿಕ್ಕರೆ ಇಟ್ಕ. ನಾನ್ಯಾಕೆ ಬ್ಯಾಡ ಅನ್ಲಿ?" ಅಂದರು, ಸಿಗುವುದಿಲ್ಲ ಎಂಬ ಧೈರ್ಯದಲ್ಲಿ.

ನನಗೆ ರಜೆ ಇತ್ತು. ಅಜ್ಜನನ್ನು ಕರೆದುಕೊಂಡು ಹೊರಟೆ. ರಿವಾಲ್ವರ್ ಅಜ್ಜಿಯ ಹಳೆ ಸೀರೆಯ ತುಂಡಿನಲ್ಲಿ, ಸೀರೆಯ ತುಂಡು ಕೈಚೀಲದಲ್ಲಿ, ಲೈಸೆನ್ಸು ಅಜ್ಜನ ಒಳಜೇಬಿನಲ್ಲಿ. ಬಸ್ಸಿನ ಕಂಡಕ್ಟರು ಚೀಲ ಮೇಲಿಡಿ ಅಂದ. ಅಜ್ಜ ಇಲ್ಲ ಅಂದ. "ಏನೈತಜ್ಜ ಅದ್ರಾಗೆ ಅಂಥಾದ್ದು?" "ರಿವಾಲ್ವರ್ ಐತಪ್ಪ." ಇಡೀ ಬಸ್ಸು ನಕ್ಕಿತು. ಕಂಡಕ್ಟರು ನಕ್ಕು ನಕ್ಕು, "ನಮ್ಮ ಅಜ್ಜನೂ ಹಿಂಗೇ, ಬರೀ ತಮಾಷೆ," ಎಂದು ಮುಂದೆ ಹೋದ. ಸತ್ಯವನ್ನು ಸುಮ್ಮನೆ ಹೇಳಿಬಿಟ್ಟರೆ ಅದಕ್ಕಿಂತ ಒಳ್ಳೆಯ ಮುಚ್ಚುಮರೆ ಇಲ್ಲ ಎಂದು ಆ ದಿನ ಕಲಿತೆ.

ಚಿತ್ರದುರ್ಗದ ಬಂದೂಕಿನ ಅಂಗಡಿಯ ಸಾಬರು ರಿವಾಲ್ವರನ್ನು ತಿರುಗಿಸಿ ನೋಡಿ ತಲೆ ಅಲ್ಲಾಡಿಸಿದರು. "ಯಜಮಾನ್ರೆ, ಈ ರಬ್ಬರ್ ಹಿಡಿ ಹಾಕೋದು ಕಂಪ್ನಿಯೋರು ನಿಲ್ಸಿ ಜಮಾನ ಆತು. ಬೀಟೆ ಮರದ್ದು ಹಾಕಿಕೊಡ್ತೀನಿ, ನೋಡ್ರಿ, ಮದುವಣಗಿತ್ತಿ ಹಂಗೆ ಕಾಣ್ತೈತೆ." ಅಜ್ಜ ಮರದ್ದನ್ನು ಹಿಡಿದು ನೋಡಿದ. ಬೆರಳು ಅದರ ಮೇಲೆ ನಿಲ್ಲದೆ ಜಾರಿದವು. ಕೊಂಬಿನದನ್ನು ಹಿಡಿದ, ಅದೂ ಜಾರಿತು. ಸಾಬರು ಮದುವಣಗಿತ್ತಿಯ ಮಾತನ್ನು ಬಿಟ್ಟು ಮೆಲ್ಲಗೆ, "ನಿಮ್ಮದರ ಜೋಡಿ ಇನ್ನೊಂದು ಬಂದಿತ್ತು, ನಮ್ಮ ತಂದೆ ಕಾಲದಾಗೆ. ಹೊಸದುರ್ಗದ ಕಡೆ, ಹಾಲುರಾಮೇಶ್ವರದ ಹತ್ರ ಒಬ್ರು ಗೌಡ್ರಿಗೆ ಹೋತು. ಅವ್ರನ್ನ ಕೇಳ್ರಿ," ಅಂದರು. ಅಜ್ಜ ಕೇಳಲು ಒಪ್ಪಲಿಲ್ಲ. ಇನ್ನೊಬ್ಬನ ರಿವಾಲ್ವರಿನ ಚಿಪ್ಪು ಕೇಳುವುದು ಅಂದರೆ ಅವನ ಮೀಸೆಯಲ್ಲಿ ಅರ್ಧ ಕೇಳಿದ ಹಾಗೆ ಎಂಬುದು ಅವನ ವಾದ.

ಹಾಗಾಗಿ ಮೊದಲು ಹಿರಿಯೂರಿಗೆ ಹೋದೆವು. ಹೆದ್ದಾರಿಯ ಪಕ್ಕ ಸವೆದ ಲಾರಿ ಟೈರಿಗೆ ಹೊಸ ರಬ್ಬರ್ ಹಾಕುವ ಒಬ್ಬಾತ, "ಲಾರಿಗೇ ಹಾಕ್ತೀನಿ, ಇದ್ಯಾವ ಲೆಕ್ಕ? ಬಿಟ್ಟು ಹೋಗ್ರಿ," ಅಂದ. ರಿವಾಲ್ವರ್ ಬಿಟ್ಟು ಹೋಗುವಂತಿರಲಿಲ್ಲ. ಗಟ್ಟಿಯಾಗಿದ್ದ ಎಡಚಿಪ್ಪನ್ನು ಬಿಚ್ಚಿ ಕೊಟ್ಟು, ಮುಂದಿನ ವಾರ ಹೋದೆವು. ಕೆಲಸವೇನೋ ಅಚ್ಚುಕಟ್ಟು. ಆದರೆ ಎಡಚಿಪ್ಪಿನಿಂದ ಅಚ್ಚು ತೆಗೆದದ್ದರಿಂದ ಹುಟ್ಟಿದ್ದೂ ಎಡಚಿಪ್ಪೇ. ಈಗ ನಮ್ಮಲ್ಲಿ ಎರಡು ಎಡ, ಬಲ ಸೊನ್ನೆ. ಸಾಲದ್ದಕ್ಕೆ ಹೊಸದು ಲಾರಿ ಬ್ರೇಕ್ ಹಾಕಿದ ವಾಸನೆ ಹೊಡೆಯುತ್ತಿತ್ತು. ನಾನು ವಾದಕ್ಕೆ ಇಳಿದೆ. ಅಜ್ಜ, "ಬಾರವ್ವ, ಪಾಪ, ಹೇಳಿದ್ದನ್ನ ಮಾಡ್ಯಾನೆ," ಅಂದ. ಬಸ್ ಸ್ಟ್ಯಾಂಡಿನಲ್ಲಿ ಬಹಳ ಹೊತ್ತು ಬಲಗೈಯನ್ನು ನೋಡಿಕೊಂಡು ಕೂತಿದ್ದು, ಕೊನೆಗೆ, "ನಡಿ, ಆ ಗೌಡ್ರ ಊರಿಗೇ ಹೋಗಾಣ," ಎಂದ.

ಹಾಲುರಾಮೇಶ್ವರದ ಬಸ್ಸಿನ ತುಂಬ ಭಕ್ತರು. ಪಕ್ಕದಲ್ಲಿ ಕೂತಿದ್ದ ಹೆಂಗಸು ಅಜ್ಜನ ಕೈ ನೋಡಿ, "ಅಲ್ಲಿ ಕೊಳದಾಗೆ ಬೇಡ್ಕಳ್ರಿ, ಗಂಗಮ್ಮ ಕೇಳಿದ್ದನ್ನ ತೇಲಿಸಿ ಕೊಡ್ತಾಳೆ," ಅಂದಳು. ಕೇಳುವುದು ರಬ್ಬರ್ ಆಗಿರುವುದರಿಂದ ತೇಲುವ ಸಂಭವ ಇದೆ ಎಂದು ನಾನು ಹೇಳಹೊರಟು, ಅಜ್ಜ ಕಣ್ಣು ಮುಚ್ಚಿ ಕೈ ಮುಗಿದದ್ದನ್ನು ಕಂಡು ಸುಮ್ಮನಾದೆ. ಮುಗಿದದ್ದು ಒಂದೇ ಕೈಯನ್ನು. ಇನ್ನೊಂದು ಬರಲಿಲ್ಲ.

ಗೌಡರು ಅಜ್ಜನಷ್ಟೇ ಹಳಬರು. "ಬರ್ರಿ ಸಾವ್ಕಾರ್ರೆ, ಕುಂತ್ಕಳ್ರಿ," ಎಂದು ಚಾಪೆ ಹಾಸಿದರು. ವಿಷಯ ಕೇಳಿ ಒಳಗಿನಿಂದ ತಮ್ಮದನ್ನು ತಂದರು. ಎರಡು ರಿವಾಲ್ವರುಗಳನ್ನು ಚಾಪೆಯ ಮೇಲೆ ಹೆಣ್ಣು ಗಂಡು ನೋಡುವ ಶಾಸ್ತ್ರದ ಹಾಗೆ ಎದುರುಬದುರು ಇಟ್ಟದ್ದಾಯಿತು. ಗೌಡರದ್ದರ ಬಲಚಿಪ್ಪು ಹೊಚ್ಚ ಹೊಸದರ ಹಾಗಿತ್ತು. ಎಡಚಿಪ್ಪು ಕರಗಿ ಬೆಲ್ಲ!

"ನಿಮ್ಮ ದೇವರ ಗೂಡು ತೆಂಕಣ ಗೋಡೆಯಾಗೆ ಐತೇನ್ರಿ?" ಎಂದು ಕೇಳಿದೆ.

ಗೌಡರು ಬೆರಗಾಗಿ, "ಹೌದವ್ವ, ಹೆಂಗೆ ಗೊತ್ತಾತು?" ಅಂದರು. ನಾನು ವಿವರಿಸಲು ಬಾಯಿ ತೆಗೆಯುವಷ್ಟರಲ್ಲಿ ಅಜ್ಜ ಕೆಮ್ಮಿದ. ಅಷ್ಟರಲ್ಲಿ ಇನ್ನೊಂದು ಕಷ್ಟ ಎದುರಾಗಿತ್ತು. ಎರಡು ರಿವಾಲ್ವರ್, ಎರಡೇ ಒಳ್ಳೆಯ ಚಿಪ್ಪು. ಹಿರಿಯೂರಿನ ಎಡಚಿಪ್ಪನ್ನು ಬೇಕಾದರೆ ಕೊಡುತ್ತೇವೆಂದು ಮುಂದೆ ಇಟ್ಟೆ. ಗೌಡರು ಮೂಸಿ ನೋಡಿ ಹಿಂದಕ್ಕೆ ತಳ್ಳಿದರು. "ಕಂಪ್ನಿದು ಕಂಪ್ನಿದೇ ಕಣವ್ವ. ಸಾವ್ಕಾರ್ರೆ, ನಿಮ್ಮ ಎಡದ್ದು ನನಗೆ ಕೊಡ್ರಿ, ನನ್ನದು ಸರಿಯಾಗ್ತೈತೆ."

"ನಿಮ್ಮ ಬಲದ್ದು ಕೊಡ್ರಿ, ನನ್ನದೂ ಸರಿಯಾಗ್ತೈತೆ," ಅಂದ ಅಜ್ಜ.

"ನಾನ್ಯಾಕೆ ಕೊಡ್ಲಿ?"

"ಮತ್ತೆ ನಾನ್ಯಾಕೆ ಕೊಡ್ಲಿ?"

ಇಬ್ಬರ ವಾದವೂ ಸಮಬಲ. ತೀರ್ಪುಗಾರಳಾಗಿದ್ದರೆ ನಾನೂ ತಲೆ ಕೆರೆದುಕೊಳ್ಳುತ್ತಿದ್ದೆ. ಆಗ ಗೌಡತಿ ಮಜ್ಜಿಗೆಯ ಲೋಟಗಳೊಂದಿಗೆ ಬಂದು, "ನಿಮ್ಮದೂ ಹಿಂಗೇ ಆಗೈತಾ? ನಮ್ಮದೂ ನೋಡ್ರಿ, ಯಾಕೋ ಏನೋ. ನಾನು ವರ್ಷಾ ತಪ್ಪದೆ ಎಣ್ಣೆ ಹಚ್ಚಿ ಜೋಪಾನ ಮಾಡ್ತೀನಿ," ಅಂದರು.

"ವಯಸ್ಸು," ಅಂದರು ಗೌಡರು ತಟ್ಟನೆ.

"ವಯಸ್ಸು," ಅಂದ ಅಜ್ಜ, ಅದೇ ಉಸಿರಿನಲ್ಲಿ.

ಇಬ್ಬರು ಮುದುಕರೂ ಒಬ್ಬರ ಮುಖ ಒಬ್ಬರು ನೋಡಿದರು. ಹಿಂದೆಂದೂ ಮಾತಾಡಿರದ ಇಬ್ಬರು ಒಂದೇ ಗುಟ್ಟನ್ನು ಅಷ್ಟು ವರ್ಷ ಕಾಯ್ದುಕೊಂಡು ಬಂದಿದ್ದು ಒಂದೇ ಶಬ್ದದಲ್ಲಿ ಬಯಲಾಗಿತ್ತು. ಗೌಡತಿ ಲೋಟ ಚಾಚಿದರು. ಅಜ್ಜ ಎಡಗೈ ಮುಂದೆ ಮಾಡಿದ. ನಮ್ಮ ಕಡೆ ಹಿರಿಯರ ಮನೆಯಲ್ಲಿ ಎಡಗೈಯಲ್ಲಿ ತೆಗೆದುಕೊಳ್ಳುವುದು ಕೊಟ್ಟವರಿಗೆ ಮಾಡುವ ಅವಮಾನ. ಗೌಡರ ಹುಬ್ಬು ಮೇಲೆ ಹೋಯಿತು. ಆಮೇಲೆ ಅವರ ಕಣ್ಣು ಅಜ್ಜನ ತೊಡೆಯ ಮೇಲೆ ಮಗುಚಿ ಬಿದ್ದಿದ್ದ ಬಲಗೈಗೆ ಇಳಿಯಿತು.

"ಯಾವಾಗಿಂದ?"

"ಶಿವರಾತ್ರಿಯಿಂದ. ಇದನ್ನ ಹಿಡಿದ್ರೆ ಮಾತ್ರ ಬೆರಳು ಮುಚ್ತಾವೆ ಗೌಡ್ರೆ."

ಗೌಡರು ಎದ್ದರು. ಒಳಗೆ ಹೋಗಿ ಸ್ಕ್ರೂಡ್ರೈವರ್ ತಂದು, ತಮ್ಮ ಬಲಚಿಪ್ಪು ಬಿಚ್ಚಿ ನಮ್ಮದಕ್ಕೆ ಕೂರಿಸಿದರು. ನಮ್ಮ ಕರಗಿದ ಬಲಚಿಪ್ಪನ್ನು ತಮ್ಮದಕ್ಕೆ ಬಿಗಿದರು. ಈಗ ಅವರದು ಎರಡೂ ಕಡೆ ಬೆಲ್ಲ. "ನನ್ನದು ಪೂಜೆಗೆ ತಾನೆ," ಅಂದರು, "ಎರಡೂ ಮಗ್ಗುಲು ಅಂಟಿದ್ರೇನು? ದೇವರು ಹಿಡಿದು ನೋಡ್ತಾನೇನು?" ಅಜ್ಜ ರಿವಾಲ್ವರನ್ನು ಎಡಗೈಯಿಂದ ಬಲಗೈಗೆ ಇಟ್ಟ. ಮೊದಲು ಕಿರುಬೆರಳು ಬಂತು, ಆಮೇಲೆ ಅದರ ಪಕ್ಕದ್ದು. ಹೆಬ್ಬೆರಳು ಬರುವ ತನಕ ಯಾರೂ ಮಜ್ಜಿಗೆ ಕುಡಿಯಲಿಲ್ಲ.

ಲೈಸೆನ್ಸು ನವೀಕರಣವಾಯಿತು. ಅಪ್ಪ ಕೊಟ್ಟ ಮಾತಿಗೆ ಕಟ್ಟುಬಿದ್ದು ಬಾಯಿ ಮುಚ್ಚಿದರು. ಅಜ್ಜ ಅದೇ ಬಲಗೈಯಿಂದ ಮೊದಲ ಸಲ ತುತ್ತು ಎತ್ತಿದ ದಿನ ಹಿತ್ತಲಿಗೆ ಹೋಗಿ ಮೂಗು ಒರೆಸಿಕೊಂಡು ಬಂದರು. ನನಗೆ ಉಳಿದ ಚಿಂತೆ ಒಂದೇ, ಬರುವ ಆಯುಧಪೂಜೆ. ಅಜ್ಜಿಗೆ ಕಾರಣ ತಿಳಿಯಬಾರದು, ಎಣ್ಣೆಯೂ ಬೀಳಬಾರದು. ಎರಡು ತಿಂಗಳು ಯೋಚಿಸಿ ನಾನು ಮೂರು ವಾದಗಳನ್ನು ಸಿದ್ಧಪಡಿಸಿದ್ದೆ. ಅಜ್ಜ ಅವನ್ನು ಕೇಳಿ, "ಏನೂ ಬ್ಯಾಡ. ಹಚ್ಚಿದ್ರೆ ಹಚ್ಲಿ ಬಿಡು," ಅಂದ. ಗೌಡರ ಚಿಪ್ಪನ್ನು ಅಷ್ಟು ಅಲೆದು ತಂದವನ ಬಾಯಲ್ಲಿ ಬರುವ ಮಾತೇ ಇದು?

ಪೂಜೆಯ ದಿನ ಅಜ್ಜಿ ಕುಡುಗೋಲಿಗೆ ಎಣ್ಣೆ ಹಚ್ಚಿದಳು, ತಕ್ಕಡಿಗೆ ಹಚ್ಚಿದಳು, ಸೈಕಲ್ಲಿನ ಚೈನಿಗೂ ಹಚ್ಚಿದಳು. ನಾನು ಮೊದಲನೆಯ ವಾದಕ್ಕೆ ಗಂಟಲು ಸರಿಮಾಡಿಕೊಂಡೆ. ಅಜ್ಜಿ ಎದ್ದು ಹೋಗಿ ಎರಡೂ ಕೈಯನ್ನು ಸೀಗೆಪುಡಿ ಹಾಕಿ ತೊಳೆದಳು. ಒಣಬಟ್ಟೆಯಲ್ಲಿ ಒರೆಸಿಕೊಂಡು, ರಿವಾಲ್ವರನ್ನು ಬರಿಗೈಯಲ್ಲಿ ಎತ್ತಿ, ವಿಭೂತಿಯನ್ನು ನಳಿಗೆಯ ಕಬ್ಬಿಣಕ್ಕೆ ಮಾತ್ರ ಎಳೆದು, ಹಿಡಿಯ ಪಕ್ಕ ಒಂದು ಚೆಂಡುಹೂವು ಇಟ್ಟಳು. ಅಜ್ಜ ಸೂರಿನ ತೊಲೆ ಎಣಿಸುವವನಂತೆ ಮೇಲೆ ನೋಡುತ್ತಿದ್ದ. ನನ್ನ ಮೂರು ವಾದಗಳಿಗೂ ಕೆಲಸವೇ ಇರಲಿಲ್ಲ. ಈ ಮನೆಯಲ್ಲಿ ನಾನೊಬ್ಬಳೇ ಕಂಡುಹಿಡಿದೆ ಎಂದುಕೊಂಡಿದ್ದೆ. ಅಜ್ಜ ನನಗಿಂತ ಮೊದಲೇ ಬಲ್ಲವನಾಗಿದ್ದ. ಹಾಗಾದರೆ ಈಕೆ? ಮಂಗಳಾರತಿಗೆ ಕರ್ಪೂರ ಹುಡುಕುತ್ತಿದ್ದ ಅಜ್ಜಿಯ ಹತ್ತಿರ ಸರಿದು, ಜೀವಮಾನದಲ್ಲಿ ಮೊದಲ ಸಲ ಮೆಲುದನಿಯಲ್ಲಿ ಕೇಳಿದೆ: "ಅಜ್ಜಿ, ಅವತ್ತು ಜಗಲಿ ಮೇಲೆ ನಾನಂದದ್ದು ನಿನಗೆ ಕೇಳಿಸ್ತಾ, ಇಲ್ಲ ಅಜ್ಜ ನಿನ್ನ ಸಲುವಾಗಿ ಸುಳ್ಳು ಹೇಳ್ತಾನೆ ಅಂತ ಮೊದ್ಲಿಂದಲೂ ಗೊತ್ತಿತ್ತಾ?"