ನಲ್ಲಿಯೊಳಗಿನ ಹಸಿರು ರಿಂಗು

ಹಳೇ ಗ್ಯಾಸು, ಹೊಸ ಗ್ಯಾಸು ಎಂಬ ಇಬ್ಬರು ಸವತಿಯರ ಸುದ್ದಿ ಮನೆಯಾಕೆಯ ಕಿವಿಗೆ ಮೊದಲು ಬಿದ್ದದ್ದು ಅಡುಗೆಮನೆಯಲ್ಲಿ, ಸೋರುವ ನಲ್ಲಿಯ ಕೆಳಗೆ ಬಕೆಟ್ಟು ಬದಲಿಸುತ್ತಿದ್ದಾಗ. ಯಜಮಾನರು ಮೊಣಕೈವರೆಗೆ ಮಸಿ ಬಳಿದುಕೊಂಡು ಬಂದು ನಿಂತರು. ಅವರ ಹಳೆಯ ಕಾರಿನ ಎಸಿಗೆ ಹಾಕುವ ಗ್ಯಾಸು ಈಗ ಎಲ್ಲೂ ಸಿಗುವುದಿಲ್ಲವಂತೆ. ಹೊಸದು ಹಾಕಬಹುದಂತೆ, ಆದರೆ ಹಳೆಯವಳ ಎಣ್ಣೆ ಹೊಸಬಳಿಗೆ ಒಗ್ಗದು, ಹಳೆಯವಳ ರಬ್ಬರು ರಿಂಗುಗಳನ್ನು ನಂಬುವಂತಿಲ್ಲ. ಎಲ್ಲ ತೊಳೆದು ಹೊಸ ಸಂಸಾರವನ್ನೇ ಹೂಡಬೇಕು.

"ಮೊದಲು ಈ ನಲ್ಲಿ ನೋಡಿ," ಎಂದಳು ಆಕೆ.

"ನಾಳೆ ಮಾಡೋಣ ಕಣೇ." (ಆ ನಾಳೆಗೆ ಆಗಲೇ ಗಡ್ಡ ಬಂದಿತ್ತು.)

ತಪ್ಪು ಆಕೆಯದೂ ಇತ್ತೆನ್ನಿ. ಹಿಂದಿನ ಬೇಸಿಗೆಯಲ್ಲಿ ಆ ಕಾರಿನೊಳಗೆ ತಲೆಸುತ್ತಿ ಬಿದ್ದವಳು, ಅದು ತಣ್ಣಗಾಗುವ ತನಕ ಈ ಒಲೆಯೊಳಗೆ ಕಾಲಿಡೆನೆಂದು ಭೀಷ್ಮಪ್ರತಿಜ್ಞೆ ಮಾಡಿದ್ದಳು. ಅಂದಿನಿಂದ ಯಜಮಾನರು ಪಕ್ಕದ ಸೀಟಿನಲ್ಲಿ ತರಕಾರಿ ಚೀಲ ಕೂರಿಸಿಕೊಂಡು ಓಡಾಡುತ್ತಿದ್ದರು. "ಚೀಲ ಮಾತಾಡಲ್ಲ ಕಣೇ. ದಾರಿ ತಪ್ಪಿದ್ರೂ ಬಯ್ಯಲ್ಲ," ಎಂದು ಒಮ್ಮೆ ಸಪ್ಪಗೆ ಹೇಳಿದ್ದರು.

ಬೀದಿಯ ಕೊನೆಯ ಮೆಕ್ಯಾನಿಕ್ಕು ತನ್ನ ಯಂತ್ರದಿಂದ ಹಳೇ ಗ್ಯಾಸು ಎಳೆದುಕೊಂಡು ಹೋದ. ಉಳಿದ ಕಾರುಬಾರೆಲ್ಲ ಯಜಮಾನರದೇ. ಕಾರಿನ ಕರುಳು ಊಟದ ಮೇಜಿನ ಮೇಲೆ ಹರಡಿಕೊಂಡಿತು. ಕಾಫಿ ತಟ್ಟೆಯೊಂದರಲ್ಲಿ ಹೊಸ ಹಸಿರು ರಿಂಗುಗಳು. ಅವುಗಳಲ್ಲೊಂದು ನಲ್ಲಿಗೆಂದೇ ಹುಟ್ಟಿದಂತಿತ್ತು. ತಟ್ಟೆ ತುಂಬ ಇವೆಯಲ್ಲ, ಒಂದು ಹೋದರೆ ಯಾರಿಗೆ ಗೊತ್ತು ಎಂದು ಆಕೆ ತೆಗೆದು ನಲ್ಲಿಗೆ ತೊಡಿಸಿದಳು. ನಲ್ಲಿ ಬಾಯಿ ಮುಚ್ಚಿತು. ಗಂಡನೇ ಗಮನಿಸಲೆಂದು ಆಕೆಯೂ ಮುಚ್ಚಿದಳು.

ಒಂದು ರಿಂಗು ಕಡಿಮೆ ಬಂದದ್ದಕ್ಕೆ ಯಜಮಾನರು ಅಂಗಡಿಯವನ ವಂಶವನ್ನೆಲ್ಲ ಜಾಲಾಡಿ, ಹಳೇ ಕಪ್ಪು ರಿಂಗೊಂದನ್ನೇ ಒರೆಸಿ ಕೂರಿಸಿದರು. ಹೊಸ ಗ್ಯಾಸು ತುಂಬಿಸಿ ಕಾರು ಹೊರಡಿಸಿದರೆ ತಂಪು ಬಂತು; ಬಂದ ದಾರಿಯಲ್ಲೇ ಹೋಯಿತು. ಊಟಕ್ಕೆ ಕರೆದರೆ ಬೇಡವೆಂದರು. ಅಡುಗೆಮನೆಯ ಸ್ಟೂಲಿನ ಮೇಲೆ ಮುದುಡಿ ಕೂತು, "ನೀನಿನ್ನು ನನ್ನ ಪಕ್ಕ ಕೂರಲ್ಲ ಬಿಡು," ಎಂದರು.

ಮನೆಯೆಲ್ಲ ನಿಶ್ಶಬ್ದ. ಆಗ ಮೆಲ್ಲಗೆ ತಲೆಯೆತ್ತಿದರು.

"ಈ ನಲ್ಲಿ ಯಾಕೆ ಸುಮ್ಮನಿದೆ?"

ಆಕೆಗೆ ಇದ್ದಕ್ಕಿದ್ದಂತೆ ಮಡಿಸಿದ ಬಟ್ಟೆಯನ್ನೇ ಮತ್ತೆ ಮಡಿಸುವ ಕೆಲಸ ಬಂತು. ಯಜಮಾನರು ಸ್ಪ್ಯಾನರ್ ತಂದು ನಲ್ಲಿ ಬಿಚ್ಚಿದರು. ಬೆರಳ ತುದಿಯಲ್ಲಿ ಹಸಿರು ರಿಂಗು ಹಿಡಿದು, "ನಲ್ಲಿಗೆ ಎಸಿ ಹಾಕಿಸಿದ್ದೀಯಲ್ಲೇ," ಎಂದವರು ಗೋಡೆ ಹಿಡಿದು ನಕ್ಕರು.

ಕಾರಿಗೆ ತಂಪು ಬಂತು. ನಲ್ಲಿಗೆ ಮತ್ತೆ ನೆಗಡಿಯಾಯಿತು.

ಮಹಾರಾಣಿಯ ಗತ್ತಿನಲ್ಲಿ ಕಾರು ಹತ್ತಿದವಳಿಗೆ ಮೊದಲ ತಿರುವಿನಲ್ಲೇ ಹಲ್ಲು ಕಟಕಟ. ಹೇಳುವ ಹಾಗಿಲ್ಲ, ಅಷ್ಟು ಹಟ ಹಿಡಿದವಳು ತಾನೇ. ಮುಂದಿನ ಸವಾರಿಯಿಂದ, ಧೂಳಿಗೆಂದು ಸುಳ್ಳು ಹೇಳಿ, ಉಣ್ಣೆಯ ಶಾಲು ಹೊದ್ದು ಕೂರತೊಡಗಿದಳು. ಅವರೂ ಕುತ್ತಿಗೆತನಕ ಗುಂಡಿ ಹಾಕಿಕೊಂಡು, ತಂಪು ಸಾಕೇ ಎಂದು ತಿರುವಿಗೊಮ್ಮೆ ಕೇಳುತ್ತಿದ್ದರು. ಪರವಾಗಿಲ್ಲ ಎನ್ನುತ್ತಿದ್ದಳು. ಹೀಗೇ ಎಷ್ಟೋ ಬೇಸಿಗೆ ಇಬ್ಬರೂ ನಡುಗಿದರು.

ಯಜಮಾನರು ಇನ್ನು ಕಾರು ಓಡಿಸಬಾರದೆಂದು ಡಾಕ್ಟರು ಹೇಳಿದ ಮೇಲೆ ಕಡೆಯ ಸಲ ಮೆಕ್ಯಾನಿಕ್ಕೇ ಓಡಿಸಿದ. ಇವರಿಬ್ಬರೂ ಹಿಂದಿನ ಸೀಟಿನಲ್ಲಿ. ನಾಳೆ ನಲ್ಲಿ ನೋಡುತ್ತೇನೆಂದು ಯಜಮಾನರು ಅಂದೂ ಮಾತು ಕೊಟ್ಟರು. ಆಮೇಲೆ ಮುಂದೆ ಕೂತವನಿಗೆ ಕೇಳಿಸದಂತೆ ಆಕೆಯ ಕಿವಿಗೆ ಬಾಗಿದರು. ಅವರು ಆಕೆಯನ್ನು ಕೇಳಿದ್ದು ಅದೇ ಕೊನೆ.

"ಆ ಶಾಲಿನ ಒಂದು ತುದಿ ಈ ಕಡೆ ಕೊಡೇ."