ಹೆಸರು ತೆಗೆಯುವ ಕೆಲಸ

ಪಟ್ಟಿಯಿಂದ ಒಂದು ಹೆಸರು ತೆಗೆಯಲು ಕೂತರೆ ನನ್ನ ಕೈಯಲ್ಲಿ ಏನಾದರೊಂದು ಆಗದೆ ಇರುವುದಿಲ್ಲ. ಮೂಡುಬಿದಿರೆ ಹತ್ತಿರದ ಕಾಲೇಜೊಂದರಲ್ಲಿ ನಾನು ಕಂಪ್ಯೂಟರ್ ಟೀಚರ್. ನಮ್ಮ ಗೆಳೆಯರ ಬಳಗದ ರಕ್ತದಾನಿಗಳ ಪಟ್ಟಿಯೂ ನನ್ನ ಬಳಿಯೇ ಉಂಟು. ಸಾದಾ ಟೆಕ್ಸ್ಟ್ ಫೈಲು. ಸಾಲಿಗೊಬ್ಬರ ಹೆಸರು, ಊರು, ರಕ್ತದ ಗುಂಪು, ಫೋನ್ ನಂಬರ್. ಬೇಡವೆಂದವರನ್ನು ತೆಗೆಯಲು ಪೈಥಾನಿನಲ್ಲಿ ಒಂದು ಸಣ್ಣ ಪ್ರೋಗ್ರಾಂ ಬರೆದಿದ್ದೇನೆ. ಮಕ್ಕಳಿಗೆ ಪೈಥಾನ್ ಕಲಿಸುವುದೂ ನಾನೇ.

ಮಾಣಿಯವರು

ಮಾಣಿ ಎಂಬ ಊರಿನವರು ತಮ್ಮದೇ ಬಳಗ ಕಟ್ಟಿಕೊಂಡರು. "ನಮ್ಮ ಊರಿನವರನ್ನು ನಿಮ್ಮ ಪಟ್ಟಿಯಿಂದ ತೆಗೆಯಿರಿ, ಎರಡೆರಡು ಮೆಸೇಜ್ ಬರ್ತದೆ" ಅಂದರು. ಫೈಲಿನಲ್ಲಿ ಎಲ್ಲವೂ ಇಂಗ್ಲಿಷ್ ಅಕ್ಷರ. ಎಂ, ಎ, ಎನ್, ಐ ಒಟ್ಟಿಗೆ ಇರುವ ಸಾಲುಗಳನ್ನೆಲ್ಲ ತೆಗೆ ಎಂದು ಬರೆದೆ. ಮಾಣಿಯವರು ಹೋದರು. ಜೊತೆಗೆ ಮಣಿಕಂಠ, ಸುಬ್ರಮಣಿ, ರುಕ್ಮಣಿ ಟೀಚರೂ ಹೋದರು.

ರುಕ್ಮಣಿ ಟೀಚರ್ ಒಂದು ಶಿಬಿರವನ್ನೂ ತಪ್ಪಿಸಿದವರಲ್ಲ. ಮೆಸೇಜ್ ಬಾರದ್ದನ್ನು ಕಂಡು, ಬಸ್ಸಿನಲ್ಲಿ ನನ್ನ ಪಕ್ಕ ಬಂದು ಕೂತರು. "ನನ್ನ ರಕ್ತದಲ್ಲಿ ಏನಾದ್ರೂ ಸಿಕ್ಕಿತಾ? ಹೇಳಿ, ನಾನು ಧೈರ್ಯ ಮಾಡಿಕೊಂಡೇ ಬಂದಿದ್ದೇನೆ."

ಆದದ್ದನ್ನು ವಿವರಿಸಿದೆ. ಅವರು ಪೂರ್ತಿ ಕೇಳಿ ಉಸಿರು ಬಿಟ್ಟರು. "ಹಾಗಾದ್ರೆ ನನಗೇನೂ ಆಗಿಲ್ಲ. ಆದದ್ದು ನಿಮಗೆ."

ಅಣ್ಣ ಮತ್ತು ತಮ್ಮ

ಸಿದ್ಧಕಟ್ಟೆಯ ಅಣ್ಣತಮ್ಮಂದಿರಿಬ್ಬರು ರಕ್ತ ಕೊಡುವ ವಯಸ್ಸು ದಾಟಿದ್ದರು. ಪಟ್ಟಿಯಲ್ಲಿ ಒಬ್ಬರ ಕೆಳಗೆ ಒಬ್ಬರಿದ್ದರು. ನನ್ನ ಪ್ರೋಗ್ರಾಂ ಅಣ್ಣನನ್ನು ತೆಗೆದ ಕೂಡಲೇ ತಮ್ಮ ಆ ಜಾಗಕ್ಕೆ ಏರಿದರು. ಆ ಜಾಗ ನೋಡಿ ಆಯಿತೆಂದು ಪ್ರೋಗ್ರಾಂ ಅವರನ್ನು ನೋಡದೆ ಮುಂದಿನ ಸಾಲಿಗೆ ಹೋಯಿತು. ತಮ್ಮ ಉಳಿದುಬಿಟ್ಟರು.

ಅಣ್ಣ ಫೋನ್ ಮಾಡಿದರು. "ನನ್ನನ್ನು ತೆಗೆದದ್ದಕ್ಕೆ ಬೇಸರ ಇಲ್ಲ ಮಾರಾಯ್ರೆ. ಅವನನ್ನು ಯಾಕೆ ಬಿಟ್ಟಿರಿ?"

"ತಪ್ಪಾಯಿತು, ಇವತ್ತೇ ತೆಗೀತೇನೆ."

"ಬೇಗ ತೆಗೆಯಿರಿ. ನಿಮ್ಮ ಮೆಸೇಜನ್ನು ಹೋಟೆಲಿನಲ್ಲಿ ಎಲ್ಲರಿಗೂ ತೋರಿಸಿ, ತನಗೆ ಇನ್ನೂ ಪ್ರಾಯ ಉಂಟು ಅಂತ ಹೇಳ್ತಿದ್ದಾನೆ. ಮೊನ್ನೆ ತಲೆಗೆ ಬಣ್ಣ ಬೇರೆ ಹಾಕಿಸಿಕೊಂಡು ಬಂದ."

ಉಳಿದ ಪಟ್ಟಿ

ಒಂದು ಮಧ್ಯಾಹ್ನ ಬೆಳ್ತಂಗಡಿಯ ಹೆಂಗಸೊಬ್ಬರ ಫೋನ್. "ಮಗಳಿಗೆ ಹೆರಿಗೆ ಆಯ್ತು, ರಕ್ತ ನಿಲ್ತಾ ಇಲ್ಲ. ಮಂಗಳೂರಿನ ಆಸ್ಪತ್ರೆಯಲ್ಲಿದ್ದೇವೆ. ಬಿ ನೆಗೆಟಿವ್ ಬೇಕಂತೆ."

ಫೈಲು ತೆರೆದೆ. ಖಾಲಿ. ಬೆಳಿಗ್ಗೆ ಪ್ರೋಗ್ರಾಂ ತಿದ್ದುವಾಗ, ಓದುವುದಕ್ಕೆ ತೆರೆಯಬೇಕಾದ ಫೈಲನ್ನು ಬರೆಯುವುದಕ್ಕೆ ತೆರೆದಿದ್ದೆ. ಹಾಗೆ ತೆರೆದರೆ ಪೈಥಾನ್ ಮೊದಲಿದ್ದದ್ದನ್ನೆಲ್ಲ ಒರೆಸಿಬಿಡುತ್ತದೆ.

ಉಳಿದಿದ್ದದ್ದು ಇನ್ನೊಂದೇ ಫೈಲು. ಅದರಲ್ಲಿದ್ದವರೆಲ್ಲ "ನನಗೆ ಇನ್ನು ಫೋನ್ ಮಾಡಬೇಡಿ" ಎಂದು ಹೇಳಿ ಹೆಸರು ತೆಗೆಸಿದವರು. ಬಿ ನೆಗೆಟಿವ್ ಒಬ್ಬರೇ, ಬಂಟ್ವಾಳದ ರಿಕ್ಷಾ ಡ್ರೈವರ್. ಊಟಕ್ಕೆ ಕೂತಾಗಲೇ ನನ್ನ ಫೋನ್ ಬರ್ತದೆ ಎಂದು ಬೇಸತ್ತು ಬಿಟ್ಟವರು. ಗಡಿಯಾರ ನೋಡಿದೆ, ಊಟದ ಹೊತ್ತೇ. ಆದರೂ ಮಾಡಿದೆ.

"ನನ್ನ ಹೆಸರು ತೆಗೆದಿಲ್ವಾ ಮೇಡಂ?"

"ತೆಗೆದಿದ್ದೇನೆ. ಈಗ ತೆಗೆದವರು ಮಾತ್ರ ಉಳಿದದ್ದು." ವಿಷಯ ಹೇಳಿದೆ.

ಅವರು ಎರಡು ತುತ್ತು ನುಂಗಿ, ಕೈ ತೊಳೆದು ಹೊರಟರು. ಸಂಜೆ ಆ ತಾಯಿ ಫೋನಿನಲ್ಲಿ ಅಳುತ್ತಲೇ ನಕ್ಕರು. ಮಗಳೂ ಮಗುವೂ ಕ್ಷೇಮ. ನಾನು ಡ್ರೈವರಿಗೆ ಎಷ್ಟು ಸಲ ಧನ್ಯವಾದ ಹೇಳಿದೆನೋ ಲೆಕ್ಕವಿಲ್ಲ. ಕೊನೆಗೆ ಸಂಕೋಚದಿಂದ ಕೇಳಿದೆ, "ನಿಮ್ಮ ಹೆಸರು ಪುನಃ ಪಟ್ಟಿಗೆ ಸೇರಿಸಲಾ?"

"ಬೇಡ ಮೇಡಂ," ಅಂದರು. "ತೆಗೆದವರ ಪಟ್ಟಿಯಲ್ಲೇ ಇರಲಿ. ನಿಮ್ಮ ಕೈಯಲ್ಲಿ ಉಳಿಯುವುದು ಅದೊಂದೇ."